ಕಾಡಿನ ಬೆಂಕಿ ಸರ್ಕಾರದ್ದು, ನೀರಿನ ಲಾರಿ ಯಾರದ್ದು?

ಪ್ರಶ್ನೆ: ಮೇಡಂ, ನಾವು ಕ್ಯಾಲಿಫೋರ್ನಿಯಾದಲ್ಲಿ ಸ್ಯಾಕ್ರಮೆಂಟೊ ಹತ್ರ ಇದ್ದೀವಿ. ಪ್ರತಿ ಬೇಸಿಗೆ ಕಾಡಿಗೆ ಬೆಂಕಿ ಬಿದ್ದಾಗ ಹೈವೇಲಿ ಸಾಲಾಗಿ ನೀರಿನ ಲಾರಿ, ಬುಲ್ಡೋಜರ್ ಹೊತ್ತ ಟ್ರೈಲರ್, ಸ್ನಾನದ ಮನೆ ಇರೋ ಟ್ರಕ್ಕು ಎಲ್ಲಾ ಹೋಗ್ತಿರ್ತವೆ, ಬಾಗಿಲ ಮೇಲೆ ನೋಡಿದ್ರೆ ಯಾವ್ದೋ ಪ್ರೈವೇಟ್ ಕಂಪನಿ ಹೆಸರು. ಇಷ್ಟು ದೊಡ್ಡ ಸರ್ಕಾರಕ್ಕೆ ಸ್ವಂತ ಗಾಡಿ ಇಲ್ವಾ? ಇದು ಕಂಟ್ರಾಕ್ಟರ್‌ಗಳಿಗೆ ದುಡ್ಡು ಸುರಿಯೋ ದಾರಿ ಅಲ್ವಾ? ಇನ್ನೊಂದು ವಿಷ್ಯ, ಟ್ರಕ್ಕಿಂಗ್ ಮಾಡ್ತಿರೋ ನನ್ನ ತಮ್ಮ ಸೆಕೆಂಡ್ ಹ್ಯಾಂಡ್ ವಾಟರ್ ಟೆಂಡರ್ (ಅಂದ್ರೆ ನೀರಿನ ಲಾರಿ) ಒಂದನ್ನ ಸಾಲ ಮಾಡಿ ತಗೊಂಡು ಈ ಕೆಲಸಕ್ಕೆ ಬಿಡ್ತೀನಿ ಅಂತಿದಾನೆ. ಒಪ್ಪಬಹುದಾ?

ಉತ್ತರ: ಎರಡನೇ ಪ್ರಶ್ನೆಗೆ ಆಮೇಲೆ ಬರ್ತೀನಿ, ಯಾಕಂದ್ರೆ ಮೊದಲನೇದು ಅರ್ಥ ಆದ್ರೆ ಎರಡನೇದಕ್ಕೆ ಅರ್ಧ ಉತ್ತರ ಅಲ್ಲೇ ಸಿಗತ್ತೆ. ನಾನು ಕೆಲವು ಸೀಸನ್‌ಗಳಿಂದ ಫೈರ್ ಕ್ಯಾಂಪ್‌ಗಳ ಫೈನಾನ್ಸ್ ಟೆಂಟ್‌ನಲ್ಲಿ ಎಕ್ವಿಪ್ಮೆಂಟ್ ಟೈಮ್ ರೆಕಾರ್ಡರ್ ಕೆಲಸ ಮಾಡ್ತಿದೀನಿ, ಅಂದ್ರೆ ಬಾಡಿಗೆಗೆ ಬಂದ ಪ್ರತಿ ಗಾಡಿ ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಯ್ತು, ಎಷ್ಟಕ್ಕೆ ವಾಪಸ್ ಬಂತು, ಯಾವಾಗ ಕೆಟ್ಟು ನಿಂತಿತು ಅನ್ನೋದನ್ನ ಚೀಟಿ ನೋಡಿ ಬರ್ಕೊಂಡು ಬಿಲ್ಲು ತಯಾರು ಮಾಡೋದು. ಹಾಗಾಗಿ ನೀವು ಹೈವೇಲಿ ನೋಡಿದ ಆ ಲಾರಿಗಳು ನನಗೆ ಕೊನೆಗೆ ಕಾಗದದ ರೂಪದಲ್ಲಿ ಸಿಗ್ತವೆ, ಅವನ್ನ ಓಡಿಸೋರು ಟೆಂಟ್ ಮುಂದೆ ಕ್ಯೂ ನಿಂತಿರ್ತಾರೆ.

ಸರ್ಕಾರಕ್ಕೆ ಸ್ವಂತ ಗಾಡಿ ಇಲ್ವಾ ಅಂದ್ರೆ, ಖಂಡಿತ ಇದೆ. ಫೆಡರಲ್ ಸರ್ಕಾರದ ಫಾರೆಸ್ಟ್ ಸರ್ವಿಸ್‌ಗೂ, ಕ್ಯಾಲಿಫೋರ್ನಿಯಾ ರಾಜ್ಯದ ಬೆಂಕಿ ಇಲಾಖೆ ಕ್ಯಾಲ್ ಫೈರ್‌ಗೂ ಸ್ವಂತ ಫೈರ್ ಎಂಜಿನ್ ಇದಾವೆ, ಡೋಜರ್ ಇದಾವೆ, ಸಂಬಳದ ಸಿಬ್ಬಂದಿ ಇದಾರೆ. ಬೆಂಕಿ ಕಂಡ ಮೊದಲ ಗಂಟೆಗಳಲ್ಲಿ ಓಡಿ ಹೋಗೋರು ಹೆಚ್ಚಾಗಿ ಅವರೇ. ಆದ್ರೆ ಬೆಂಕಿ ಕೈ ಮೀರಿ, ಸಾವಿರಾರು ಜನ ವಾರಗಟ್ಟಲೆ ಒಂದು ಕಣಿವೇಲಿ ಕೂತು ಕೆಲಸ ಮಾಡೋ ಸ್ಥಿತಿ ಬಂದಾಗ ಬೇಕಾಗೋದು ಬೇರೆ ಸಾಮಾನು. 2021ರ ಡಿಕ್ಸೀ ಬೆಂಕಿ ನೆನಪಿದ್ಯಲ್ಲಾ, ಜುಲೈ 13ಕ್ಕೆ ಶುರುವಾಗಿ ಒಂಬತ್ತೂವರೆ ಲಕ್ಷ ಎಕರೆಗಿಂತ ಹೆಚ್ಚು ಸುಟ್ಟಿದ್ದು, ಗ್ರೀನ್‌ವಿಲ್ ಊರನ್ನೇ ಬೂದಿ ಮಾಡಿದ್ದು, ಅದನ್ನ ಆರಿಸೋ ಖರ್ಚೇ 60 ಕೋಟಿ ಡಾಲರ್ ದಾಟಿತು. ಅಂಥ ಕಡೆ ಒಂದು ಊರನ್ನೇ ಎಬ್ಬಿಸಿ ನಿಲ್ಲಿಸ್ಬೇಕಾಗತ್ತೆ. ಅಡುಗೆ ಮನೆ ಇರೋ ಟ್ರೈಲರ್, ಸ್ನಾನದ ಟ್ರೈಲರ್, ಕೈ ತೊಳ್ಯೋ ತೊಟ್ಟಿ, ಕುಡಿಯೋ ನೀರಿನ ಟ್ರಕ್ಕು, ಬಚ್ಚಲ ನೀರು ಎಳ್ಕೊಂಡು ಹೋಗೋ ಟ್ರಕ್ಕು, ಪೋರ್ಟಬಲ್ ಟಾಯ್ಲೆಟ್, ಜನರೇಟರ್, ಐಸ್ ಇಡೋ ಫ್ರಿಜ್ ಟ್ರೈಲರ್, ಬಟ್ಟೆ ಒಗ್ಯೋ ಗಾಡಿ, ಸಿಬ್ಬಂದಿ ಸಾಗಿಸೋ ಬಸ್ಸು, ಕೊನೆಗೆ ಮ್ಯಾಪ್ ಪ್ರಿಂಟ್ ಮಾಡೋ ಮೆಷೀನ್ ತನಕ. ಬೆಂಕಿ ಸಾಲಲ್ಲಿ, ಅಂದ್ರೆ ಬೆಂಕಿಯ ಅಂಚಲ್ಲೇ ನಿಂತು ಕೆಲಸ ಮಾಡೋ ಒಬ್ಬರಿಗೆ ದಿನಕ್ಕೆ 4,000ದಿಂದ 6,000 ಕ್ಯಾಲೊರಿ ಬೇಕು, ಹಾಗೆ ಸಾವಿರ ಎರಡು ಸಾವಿರ ಜನಕ್ಕೆ ಬೆಳಿಗ್ಗೆ ಬಿಸಿ ತಿಂಡಿ, ಮಧ್ಯಾಹ್ನಕ್ಕೆ ಕಟ್ಟಿ ಕೊಡೋ ಬುತ್ತಿ, ರಾತ್ರಿ ಬಿಸಿ ಊಟ.

ನಮ್ಮೂರ ಕಡೆ ಮದುವೆಗೆ ಸಾವಿರ ಜನ ಬರ್ತಾರೆ ಅಂತ ಯಾರಾದ್ರೂ ಮನೇಲಿ ಸಾವಿರ ಕುರ್ಚಿ, ಹತ್ತು ಹಂಡೆ, ಶಾಮಿಯಾನ ಕೊಂಡಿಟ್ಕೊಳ್ತಾರಾ? ಶಾಮಿಯಾನದ ಅಂಗಡಿಯಿಂದ ತರ್ತೀವಿ, ಅಡುಗೆಯವರಿಗೆ ಅಡ್ವಾನ್ಸ್ ಕೊಡ್ತೀವಿ, ಮುಗಿದ ಮೇಲೆ ಲೆಕ್ಕ ಚುಕ್ತ. ಸರ್ಕಾರ ಮಾಡ್ತಿರೋದೂ ಇಷ್ಟೇ. ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ ಅದನ್ನ ಗಮನದಲ್ಲಿಟ್ಕೊಳ್ಳಿ, ಮದುವೆಗೆ ಮುಹೂರ್ತ ಇರತ್ತೆ, ಬೆಂಕಿಗೆ ಇರಲ್ಲ. 2019ರಲ್ಲಿ ಇಡೀ ಅಮೆರಿಕಾದಲ್ಲಿ ಸುಟ್ಟಿದ್ದು ಸುಮಾರು 47 ಲಕ್ಷ ಎಕರೆ, ಮರುವರ್ಷ 2020ರಲ್ಲಿ ಒಂದು ಕೋಟಿ ಎಕರೆ ದಾಟಿತು. ಒಂದೇ ವರ್ಷದಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಈಗ ನೀವೇ ಹೇಳಿ, ಯಾವ ವರ್ಷದ ಲೆಕ್ಕಕ್ಕೆ ಸರ್ಕಾರ ಗಾಡಿ ಕೊಳ್ಬೇಕು? 2020ರ ಲೆಕ್ಕಕ್ಕೆ ಕೊಂಡ್ರೆ 2019ರಂಥ ವರ್ಷ ಅರ್ಧ ಗಾಡಿ ಶೆಡ್ಡಲ್ಲಿ ತುಕ್ಕು ಹಿಡಿಯತ್ತೆ, ಡ್ರೈವರ್‌ಗಳಿಗೆ ಚಳಿಗಾಲ ಪೂರ್ತಿ ಸಂಬಳ ಕೊಡ್ಬೇಕು. 2019ರ ಲೆಕ್ಕಕ್ಕೆ ಕೊಂಡ್ರೆ ಮರುವರ್ಷ ಊರು ಉರಿಯುವಾಗ ನೀರಿನ ಗಾಡಿ ಇಲ್ಲ. ಹಾಗಾಗಿ ತಳಪಾಯದಷ್ಟು ಸ್ವಂತದ್ದು, ಅದರ ಮೇಲೆ ಏರಿಳಿಯೋ ಭಾಗ ಬಾಡಿಗೆಗೆ. ಈ ಯೋಚನೆಯಲ್ಲಿ ತಪ್ಪೇನಿಲ್ಲ, ಅದನ್ನ ನಾನು ನೂರಕ್ಕೆ ನೂರು ಒಪ್ತೀನಿ.

ಇದು ದುಡ್ಡು ಸುರಿಯೋ ದಾರಿ ಅಲ್ವಾ ಅನ್ನೋ ನಿಮ್ಮ ಸಂಶಯಕ್ಕೆ ಬೆಲೆ ಇದೆ, ಯಾಕಂದ್ರೆ ಮೊತ್ತ ಸಣ್ಣದಲ್ಲ. 1995ರಲ್ಲಿ ಫಾರೆಸ್ಟ್ ಸರ್ವಿಸ್ ಬಜೆಟ್‌ನಲ್ಲಿ ಬೆಂಕಿಗೆ ಹೋಗ್ತಿದ್ದದ್ದು ಶೇಕಡಾ 16, 2015ಕ್ಕೆ ಅದು ಅರ್ಧ ದಾಟಿತು. ದುಡ್ಡು ಸಾಲದೇ ಕಾಡು ಸವರೋದಕ್ಕೆ, ಒಣಗಿದ ಪೊದೆ ತೆಗೆಯೋದಕ್ಕೆ ಇಟ್ಟಿದ್ದ ಹಣವನ್ನೇ ಬೆಂಕಿಗೆ ಎತ್ಕೊಳ್ತಿದ್ರು, ಅಂದ್ರೆ ಮುಂದಿನ ಬೆಂಕಿ ತಡೆಯೋ ಹಣ ಇವತ್ತಿನ ಬೆಂಕಿಗೆ. ಅದನ್ನ ನಿಲ್ಸೋಕೆ 2018ರಲ್ಲಿ ಇಲ್ಲಿನ ಸಂಸತ್ತು, ಅಂದ್ರೆ ಕಾಂಗ್ರೆಸ್, ಕಾನೂನು ಮಾಡಿ 2020ರಿಂದ ಬೆಂಕಿಗೇ ಅಂತ ಬೇರೆ ನಿಧಿ ಇಟ್ಟಿತು. 2021ರಲ್ಲಿ ಫೆಡರಲ್ ಸರ್ಕಾರ ಬೆಂಕಿ ಆರಿಸೋಕೆ ಖರ್ಚು ಮಾಡಿದ್ದು 440 ಕೋಟಿ ಡಾಲರ್ ಹತ್ರ. ಇದರಲ್ಲಿ ಗುತ್ತಿಗೆ ಗಾಡಿ, ಗುತ್ತಿಗೆ ವಿಮಾನ, ಗುತ್ತಿಗೆ ಅಡುಗೆ ಎಲ್ಲಾ ಸೇರಿದೆ.

ಆದ್ರೆ ದುಡ್ಡು ಹೇಗೆ ಹೋಗತ್ತೆ ಅಂತ ಹತ್ತಿರದಿಂದ ನೋಡಿದ್ರೆ ಚಿತ್ರ ಬೇರೆ. ನೀರಿನ ಲಾರಿ ಥರದ ಗಾಡಿಗಳಿಗೆ ಫಾರೆಸ್ಟ್ ಸರ್ವಿಸ್‌ನದ್ದು ವೈಪರ್ ಅಂತ ಒಂದು ಆನ್‌ಲೈನ್ ಪದ್ಧತಿ ಇದೆ. ಕೆಲವು ವರ್ಷಕ್ಕೊಂದ್ಸಲ ಟೆಂಡರ್ ಕರೀತಾರೆ, ಮಾಲೀಕರು ನನ್ನ ಗಾಡಿ ಇಂಥದ್ದು, ದಿನಕ್ಕೆ ಇಷ್ಟು ರೇಟು ಅಂತ ಹಾಕ್ತಾರೆ. ಅದರಲ್ಲಿ ಡ್ರೈವರ್, ಡೀಸೆಲ್, ರಿಪೇರಿ, ಇನ್ಶೂರೆನ್ಸ್ ಎಲ್ಲಾ ಸೇರಿರ್ಬೇಕು. ಸರ್ಕಾರದವರು ರೇಟು, ಗಾಡಿ ಸ್ಥಿತಿ, ಸಣ್ಣ ಕಂಪನಿಗಳಿಗೆ ಇರೋ ಆದ್ಯತೆ ಇದನ್ನೆಲ್ಲ ನೋಡಿ ಗಾಡಿ ಕರೆಸೋ ಒಂದೊಂದು ಡಿಸ್ಪ್ಯಾಚ್ ಸೆಂಟರ್‌ಗೂ ಒಂದು ಪಟ್ಟಿ ಮಾಡ್ತಾರೆ, ಇದನ್ನ ಎಲ್ಲರೂ ಡಿಪಿಎಲ್ (ಡಿಸ್ಪ್ಯಾಚ್ ಪ್ರಯಾರಿಟಿ ಲಿಸ್ಟ್) ಅಂತಾರೆ. ಬೆಂಕಿ ಬಂದಾಗ ಪಟ್ಟಿಯಲ್ಲಿ ಮೇಲಿರೋರಿಗೆ ಮೊದಲು ಫೋನ್ ಹೋಗತ್ತೆ, ಅವರು ಎತ್ತಲಿಲ್ಲ ಅಂದ್ರೆ ಕೆಳಗಿನವರಿಗೆ. ಅಲ್ಲಿ ಒಂದು ಸಾಲು ಇದೆ, ನಿಮ್ಮ ತಮ್ಮನಿಗೆ ದೊಡ್ಡ ಅಕ್ಷರದಲ್ಲಿ ಬರ್ದು ಗೋಡೆಗೆ ಅಂಟಿಸಿ ಅನ್ನಿ: ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಸರ್ಕಾರ ಒಂದು ದಿನದ ಕೆಲಸಕ್ಕೂ ಗ್ಯಾರಂಟಿ ಕೊಡಲ್ಲ. ಫೋನ್ ಬಂದ್ರೆ ಬಂತು. ಬರದೇ ಇದ್ರೆ ಸಾಲದ ಕಂತು ನಿಮ್ದು, ಇನ್ಶೂರೆನ್ಸ್ ನಿಮ್ದು, ಗಾಡಿ ನಿಲ್ಲಿಸೋ ಜಾಗದ ಬಾಡಿಗೆ ನಿಮ್ದು.

ಜನ ದಿನದ ರೇಟು ಮಾತ್ರ ಕೇಳಿ ಅಯ್ಯಪ್ಪಾ ಅಷ್ಟಾ ಅಂತಾರೆ. ಲೆಕ್ಕಕ್ಕೆ ಅಂತ ದಿನಕ್ಕೆ 2,000 ಡಾಲರ್ ಹಿಡಿಯೋಣ. 50 ದಿನ ಕೆಲಸ ಸಿಕ್ಕಿದ್ರೆ ಒಂದು ಲಕ್ಷ, ಡ್ರೈವರ್ ಸಂಬಳ, ಡೀಸೆಲ್, ಟೈರು ಕಳೆದು ಏನೋ ಉಳಿಯತ್ತೆ. ಮಳೆ ಚೆನ್ನಾಗಿ ಆದ ವರ್ಷ ಆರೇ ದಿನ ಸಿಕ್ಕಿದ್ರೆ 12,000, ಅದು ಇನ್ಶೂರೆನ್ಸ್‌ಗೂ ಸಾಲಲ್ಲ. ಹಾಗಾಗಿ ಆ ದಿನದ ರೇಟಿನಲ್ಲಿ ಕೆಲಸದ ಕೂಲಿ ಮಾತ್ರ ಇಲ್ಲ, ಕೆಲಸ ಇಲ್ಲದ ದಿನಗಳ ಕಾಯುವಿಕೆಯ ಬೆಲೆಯೂ ಒಳಗೆ ಸೇರಿದೆ. ಸರ್ಕಾರ ಸ್ವಂತ ಗಾಡಿ ಇಟ್ಕೊಂಡಿದ್ರೆ ಆ ಕಾಯೋ ಖರ್ಚು ಬಜೆಟ್‌ನಲ್ಲಿ ಕಾಣ್ತಿತ್ತು, ಈಗ ಅದು ಯಾವ್ದೋ ಸಣ್ಣ ಊರಿನ ಮಾಲೀಕನ ಬ್ಯಾಂಕ್ ಅಕೌಂಟಲ್ಲಿ ಕೂತಿದೆ, ಅಷ್ಟೇ ವ್ಯತ್ಯಾಸ.

ಹೆಲಿಕಾಪ್ಟರ್, ವಿಮಾನಗಳಲ್ಲಿ ಇದೇ ವಿಷ್ಯ ಇನ್ನೂ ಸ್ಪಷ್ಟ. ಅಲ್ಲಿ ಎರಡು ಥರದ ಗುತ್ತಿಗೆ. ಒಂದು ಎಕ್ಸ್‌ಕ್ಲೂಸಿವ್ ಯೂಸ್, ಸೀಸನ್ ಪೂರ್ತಿ ಗಾಡಿ ನಮ್ಮ ಬೇಸ್‌ನಲ್ಲೇ ನಿಂತಿರತ್ತೆ, ಹಾರಿದ್ರೂ ಹಾರದಿದ್ರೂ ದಿನದ ದುಡ್ಡು ಕೊಡ್ಬೇಕು, ಹಾರಿದ ಗಂಟೆಗೆ ಬೇರೆ. ಇನ್ನೊಂದು ಕಾಲ್ ವೆನ್ ನೀಡೆಡ್, ಕರೆದಾಗ ಬರೋದು. ಎರಡನೇದರಲ್ಲಿ ದಿನದ ರೇಟು ಜಾಸ್ತಿ, ಆದ್ರೆ ಕರೆಯದ ದಿನಕ್ಕೆ ಏನೂ ಇಲ್ಲ. ಬಜೆಟ್ ಬಿಗಿ ಅಂತ ಎಲ್ಲಾ ಎರಡನೇ ಥರಕ್ಕೆ ಹಾಕಿದ್ರೆ ಕಾಗದದ ಮೇಲೆ ಉಳಿತಾಯ ಕಾಣತ್ತೆ, ಆಗಸ್ಟ್‌ನಲ್ಲಿ ಹತ್ತು ಕಡೆ ಒಟ್ಟಿಗೆ ಬೆಂಕಿ ಬಿದ್ದಾಗ ಬಾಯಾರಿದಾಗ ಬಾವಿ ತೋಡಿದ ಹಾಗೆ ಆಗತ್ತೆ. ಇದು ಪೂರ್ತಿ ನನ್ನ ಅಭಿಪ್ರಾಯ, ಮೊದಲ ದಿನವೇ ಬೇಕಾಗೋ ವಿಮಾನ, ಹೆಲಿಕಾಪ್ಟರ್‌ಗಳನ್ನ ಕಾಯಿಸಿ ಇಟ್ಕೊಳ್ಳೋದಕ್ಕೆ ದುಡ್ಡು ಕೊಡ್ಲೇಬೇಕು. ಸ್ನಾನದ ಟ್ರೈಲರ್ ಎರಡು ದಿನ ತಡವಾಗಿ ಬಂದ್ರೆ ಜನ ಬೆವರು ವಾಸನೇಲಿ ಮಲಗ್ತಾರೆ, ಟ್ಯಾಂಕರ್ ವಿಮಾನ ಎರಡು ಗಂಟೆ ತಡವಾದ್ರೆ ಊರು ಹೋಗತ್ತೆ.

ಸ್ವಂತದ್ದು ಇಲ್ಲಾ ಪ್ರೈವೇಟು ಅಂತ ಎರಡೇ ದಾರಿ ಅಂದ್ಕೋಬೇಡಿ. ಕ್ಯಾಲ್ ಫೈರ್‌ನ ಎಸ್-2ಟಿ ಟ್ಯಾಂಕರ್ ವಿಮಾನಗಳು ರಾಜ್ಯದ ಸ್ವಂತದ್ದು, ಆದ್ರೆ ಅದನ್ನ ಹಾರ್ಸೋ ಪೈಲಟ್‌ಗಳು, ರಿಪೇರಿ ಮಾಡೋ ಮೆಕ್ಯಾನಿಕ್‌ಗಳು ಗುತ್ತಿಗೆ ಕಂಪನಿಯವರು. ಫಾರೆಸ್ಟ್ ಸರ್ವಿಸ್‌ಗೆ 2013ರಲ್ಲಿ ಕೋಸ್ಟ್ ಗಾರ್ಡ್‌ನ ಏಳು ಸಿ-130 ಅನ್ನೋ ದೊಡ್ಡ ಸಾಗಣೆ ವಿಮಾನ ಕೊಡೋದು ಅಂತ ಕಾನೂನಾಯ್ತು, ಐದು ವರ್ಷ ಒದ್ದಾಡಿ ಬೇಡ ಅಂತ ಕೈಬಿಟ್ರು, ಅವು ಕೊನೆಗೆ ಕ್ಯಾಲ್ ಫೈರ್‌ಗೆ ಬಂದು, ಮೊದಲನೇದು ಕೆಲಸಕ್ಕಿಳಿದಿದ್ದು 2024ರಲ್ಲಿ. ಸ್ವಂತ ವಿಮಾನ ಅನ್ನೋದು ಕೇಳೋಕೆ ಚೆಂದ, ಅದಕ್ಕೆ ಹ್ಯಾಂಗರ್, ಬಿಡಿಭಾಗ, ತರಬೇತಿ ಎಲ್ಲಾ ಕಟ್ಟೋಕೆ ಹತ್ತು ವರ್ಷ ಹಿಡಿಯತ್ತೆ ಅನ್ನೋದಕ್ಕೆ ಇದು ಸಾಕ್ಷಿ.

ಈಗ ನನಗೆ ನಿಜವಾಗ್ಲೂ ಮುಖ್ಯ ಅನ್ಸೋ ವಿಷ್ಯಕ್ಕೆ ಬರ್ತೀನಿ. ಗಾಡಿ ಬಾಡಿಗೆಗೆ ತರೋದ್ರಲ್ಲಿ ಅಪಾಯ ಇಲ್ಲ, ಗಾಡಿ ಸರಿ ಇದ್ಯಾ ಅಂತ ನೋಡೋ ಕಣ್ಣನ್ನೂ ಬಾಡಿಗೆಗೆ ಬಿಟ್ಟಾಗ ಅಪಾಯ. ಇದಕ್ಕೆ ಜನ ಜೀವ ತೆತ್ತಿದಾರೆ.

2002ರ ಜೂನ್ 17, ಕ್ಯಾಲಿಫೋರ್ನಿಯಾದ ವಾಕರ್ ಹತ್ರ ಗುತ್ತಿಗೆ ಟ್ಯಾಂಕರ್ ಸಿ-130ಎ ಬೆಂಕಿ ಮೇಲೆ ರಿಟಾರ್ಡೆಂಟ್ (ಬೆಂಕಿ ಹರಡದಂತೆ ತಡೆಯೋ ದ್ರಾವಣ) ಸುರೀತಿದ್ದಾಗ ಎರಡೂ ರೆಕ್ಕೆ ಮುರಿದು ಬಿತ್ತು, ಮೂರು ಜನ ಸತ್ರು. ತಿಂಗಳು ಕಳೆದು ಜುಲೈ 18ಕ್ಕೆ ಕೊಲೊರಾಡೊದ ಎಸ್ಟಿಸ್ ಪಾರ್ಕ್ ಹತ್ರ ಇನ್ನೊಂದು, ಎರಡನೇ ಮಹಾಯುದ್ಧದ ಕಾಲದ ವಿಮಾನ, ಅದ್ರದ್ದೂ ರೆಕ್ಕೆ ಕಿತ್ತು ಇಬ್ಬರು ಸತ್ರು. ಎರಡರಲ್ಲೂ ಲೋಹ ದಣಿದು ಬಿರುಕು ಬಿಟ್ಟಿತ್ತು, ತಪಾಸಣೆಯಲ್ಲಿ ಕಂಡಿರ್ಲಿಲ್ಲ. ತನಿಖೆ ಮಾಡಿದ ಎನ್‌ಟಿಎಸ್‌ಬಿ, ಅಂದ್ರೆ ಸಾರಿಗೆ ಅಪಘಾತಗಳ ತನಿಖೆ ಮಾಡೋ ಫೆಡರಲ್ ಸಂಸ್ಥೆ, ಹೇಳಿದ್ದು, ಈ ವಿಮಾನಗಳ ಸುರಕ್ಷತೆಗೆ ಕೊನೆಗೆ ಹೊಣೆ ಅವನ್ನ ಕೆಲಸಕ್ಕೆ ಹಚ್ಚಿದ ಸರ್ಕಾರದ್ದೇ ಅಂತ. 2004ರಲ್ಲಿ ಫಾರೆಸ್ಟ್ ಸರ್ವಿಸ್ 33 ದೊಡ್ಡ ಟ್ಯಾಂಕರ್‌ಗಳ ಗುತ್ತಿಗೆಯನ್ನ ಒಂದೇ ಏಟಿಗೆ ರದ್ದು ಮಾಡಿತು, ಆಮೇಲೆ ಪರೀಕ್ಷೆ ಮಾಡಿ ಕೆಲವನ್ನ ಮಾತ್ರ ವಾಪಸ್ ತಗೊಂಡ್ರು.

ಇನ್ನೊಂದು ನಾನಿರೋ ಊರಿಗೆ ಹತ್ತಿರದ್ದು. 2008ರ ಆಗಸ್ಟ್ 5, ಟ್ರಿನಿಟಿ ಆಲ್ಪ್ಸ್ ಬೆಟ್ಟದಲ್ಲಿ ಬೆಂಕಿ ಸಾಲಿನಿಂದ ಸಿಬ್ಬಂದಿನ ಕರ್ಕೊಂಡು ಬರ್ತಿದ್ದ ಗುತ್ತಿಗೆ ಹೆಲಿಕಾಪ್ಟರ್, ಸಿಕೋರ್ಸ್ಕಿ ಎಸ್-61, ಮೇಲೇಳುವಾಗ ಶಕ್ತಿ ಸಾಲದೇ ಮರಕ್ಕೆ ಬಡಿದು ಬಿದ್ದು ಉರಿದು ಹೋಯ್ತು. 13 ಜನ ಇದ್ರು, ಒಂಬತ್ತು ಜನ ಸತ್ರು. ಅದರಲ್ಲಿ ಏಳು ಜನ ಗುತ್ತಿಗೆ ಕಂಪನಿಯೊಂದರ ಬೆಂಕಿ ಕೆಲಸಗಾರರು. ಕಾರಣ ಏನು ಗೊತ್ತಾ, ಹೆಲಿಕಾಪ್ಟರ್ ಕಂಪನಿಯವರು ಗುತ್ತಿಗೆ ಗೆಲ್ಲೋಕೆ ಖಾಲಿ ಗಾಡಿಯ ತೂಕವನ್ನ ಬೇಕಂತಲೇ ಕಡಿಮೆ ಬರೆದಿದ್ರು, ಎಂಜಿನ್ ಶಕ್ತಿಯ ಚಾರ್ಟನ್ನೂ ತಿದ್ದಿದ್ರು. ಪೈಲಟ್ ಆ ಕಾಗದ ನಂಬಿ ಇಷ್ಟು ಭಾರ ಎತ್ತಬಹುದು ಅಂತ ಲೆಕ್ಕ ಹಾಕಿದ್ದು. ಫಾರೆಸ್ಟ್ ಸರ್ವಿಸ್‌ನದ್ದೂ ವಿಮಾನಯಾನ ಇಲಾಖೆಯದ್ದೂ ಮೇಲ್ವಿಚಾರಣೆ ಸಾಲದಾಯ್ತು ಅಂತ ಎನ್‌ಟಿಎಸ್‌ಬಿ ಬರೀತು. ಆ ಕಂಪನಿಯ ಒಬ್ಬ ಅಧಿಕಾರಿಗೆ 2015ರಲ್ಲಿ 12 ವರ್ಷಕ್ಕೂ ಹೆಚ್ಚು ಜೈಲಾಯ್ತು. ಒಂದು ಕಾಗದದ ಮೇಲಿನ ತೂಕದ ಅಂಕೆ, ಅದು ಸುಳ್ಳು ಅಂತ ಮೇಲ್ವಿಚಾರಣೆ ಮಾಡೋರ ಕಣ್ಣಿಗೆ ಬೀಳ್ಲಿಲ್ಲ.

ಅವತ್ತಿಂದ ನನಗೆ ತೂಕದ ಚೀಟಿ ಅಂದ್ರೆ ಬೇರೇನೇ ಭಾವನೆ. ನಿಮ್ಮ ತಮ್ಮನ ವಿಷ್ಯಕ್ಕೂ ಇದೇ ಕೊಂಡಿ, ಅದಕ್ಕೇ ಇಷ್ಟು ಹೇಳಿದ್ದು.

ಡಿಕ್ಸೀ ಬೆಂಕಿ ಕಾಲದಲ್ಲಿ ಕ್ವಿನ್ಸಿ ಕಡೆ ಕ್ಯಾಂಪಲ್ಲಿ ಒಂದು ಬೆಳಿಗ್ಗೆ, ಆರು ಗಂಟೆ ಇರ್ಬೇಕು, ಹೊಗೆಗೆ ಸೂರ್ಯ ಕೆಂಪು ಬಟ್ಟಲಿನ ಥರ ಕಾಣ್ತಿತ್ತು. ಪೂರ್ವ ಆರಿಗಾನ್‌ನಿಂದ ರಾತ್ರಿಯೆಲ್ಲಾ ಓಡಿಸ್ಕೊಂಡು ಬಂದ ಅರವತ್ತು ದಾಟಿದ ಒಬ್ಬ ಮಾಲೀಕ, ತಾನೇ ಡ್ರೈವರ್, ಒಂದೇ ಒಂದು ನೀರಿನ ಲಾರಿ. ಇಲ್ಲಿ ಬಂದ ಕೂಡ್ಲೇ ಗಾಡಿ ಬೆಂಕಿಗೆ ಹೋಗಲ್ಲ, ಮೊದಲು ಗ್ರೌಂಡ್ ಸಪೋರ್ಟ್‌ನ ಇನ್ಸ್‌ಪೆಕ್ಟರ್ ಫಾರ್ಮ್ ಹಿಡ್ಕೊಂಡು ಸುತ್ತ ನೋಡ್ತಾರೆ, ಬ್ರೇಕು, ಟೈರಿನ ಗೀರು, ಲೈಟು, ಎಣ್ಣೆ ಸೋರಿಕೆ, ಪಂಪು, ಹೋಸ್, ಬೆಂಕಿ ನಂದಿಸೋ ಸಿಲಿಂಡರ್, ಡ್ರೈವರ್ ಹತ್ರ ಫೈರ್ ಶೆಲ್ಟರ್ (ಬೆಂಕಿ ಸುತ್ತುವರಿದ್ರೆ ಒಳಗೆ ಮಲಗೋ ಪುಟ್ಟ ಡೇರೆ) ಇದ್ಯಾ, ಬೂಟು ಚರ್ಮದ್ದಾ, ಶರ್ಟು ಪ್ಯಾಂಟು ನೋಮೆಕ್ಸ್ ಅನ್ನೋ ಬೆಂಕಿ ತಡೆಯೋ ಬಟ್ಟೇದಾ. ಅವರದ್ದು ಎಲ್ಲಾ ಸರಿ ಇತ್ತು. ಆಮೇಲೆ ತೂಕದ ಚೀಟಿ ಕೇಳಿದ್ರು. ಚೀಟಿ ಹಳೇದು, ಆಮೇಲೆ ಅವರು ಲಾರಿಗೆ ದೊಡ್ಡ ಟ್ಯಾಂಕ್ ಹಾಕಿಸಿದ್ರು. ಇನ್ಸ್‌ಪೆಕ್ಟರ್ ಟ್ಯಾಂಕಿನ ಮೇಲೆ ಕೈಯಿಟ್ಟು ನಿಂತು ಲೆಕ್ಕ ಹಾಕಿದ್ರು, ತುಂಬಿದ್ರೆ ಆ ಆಕ್ಸಲ್ ಹೊರಬಹುದಾದ ಭಾರ ದಾಟತ್ತೆ. ಆಗಲ್ಲ ಅಂದ್ರು. ಇನ್ಸ್‌ಪೆಕ್ಷನ್ ಫೇಲ್ ಆದ್ರೆ ಬಂದ ದಾರಿ ಖರ್ಚೂ ಸಿಗಲ್ಲ, ಒಪ್ಪಂದದಲ್ಲೇ ಹಾಗಿದೆ. ಆ ಮನುಷ್ಯ ಕಾಫಿ ಕಪ್ಪು ಹಿಡ್ಕೊಂಡು ಲಾರಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಸುಮ್ನೆ ಕೂತಿದ್ರು, ಆಮೇಲೆ ಎದ್ದು ಸ್ಟಾರ್ಟ್ ಮಾಡ್ಕೊಂಡು ಹೋದ್ರು. ನನಗೆ ಹೊಟ್ಟೆ ಚುರುಕ್ ಅಂತು. ಆದ್ರೆ ಇನ್ಸ್‌ಪೆಕ್ಟರ್ ಮಾಡಿದ್ದು ಸರಿ, ಆ ಮಣ್ಣು ರಸ್ತೆಗಳನ್ನ ನೋಡಿದವರಿಗೆ ಗೊತ್ತು, ಒಂದು ಕಡೆ ಗುಡ್ಡ ಒಂದು ಕಡೆ ಪ್ರಪಾತ, ಎದುರಿಂದ ಎಂಜಿನ್ ಬಂದ್ರೆ ಅಂಚಿಗೆ ಸರೀಬೇಕು.

ನೆಲದ ಮೇಲಿನ ಕೆಲಸವೂ ಕಡಿಮೆ ಅಪಾಯದ್ದಲ್ಲ. 2016ರಲ್ಲಿ ಬಿಗ್ ಸರ್ ಹತ್ರ ಸೊಬೆರಾನೆಸ್ ಬೆಂಕಿಯಲ್ಲಿ ಬಾಡಿಗೆ ಡೋಜರ್ ಉರುಳಿ ಅದನ್ನ ಓಡಿಸ್ತಿದ್ದ 35 ವರ್ಷದವರು ಸತ್ರು. 2018ರಲ್ಲಿ ರೆಡ್ಡಿಂಗ್ ಹತ್ರ ಕಾರ್ (Carr) ಅಂತ ಹೆಸರಿಟ್ಟ ಕಾಡಿನ ಬೆಂಕಿಯಲ್ಲಿ ಸತ್ತ ಖಾಸಗಿ ಡೋಜರ್ ಆಪರೇಟರ್‌ಗೆ 81 ವರ್ಷ. ಎಂಬತ್ತೊಂದು. ಇಬ್ಬರೂ ಸತ್ತಿದ್ದು ಜುಲೈ 26ಕ್ಕೇ, ಎರಡು ವರ್ಷದ ಅಂತರದಲ್ಲಿ. ಇವರು ಬಾಡಿಗೆ ಗಾಡಿ ಜೊತೆ ಬರೋ ಜನ, ಸರ್ಕಾರಿ ನೌಕರರಲ್ಲ, ಪೆನ್ಶನ್ ಇಲ್ಲ, ಏನಾದ್ರೂ ಆದ್ರೆ ಮಾಲೀಕರು ಮಾಡ್ಸಿರೋ ಇನ್ಶೂರೆನ್ಸೇ ಗತಿ. ಕಂಟ್ರಾಕ್ಟರ್ ಅಂದ ಕೂಡ್ಲೇ ನಮಗೆ ಊರಲ್ಲಿ ರಸ್ತೆ ಟಾರು ನುಂಗೋ ಮನುಷ್ಯ ಕಣ್ಮುಂದೆ ಬರ್ತಾನೆ, ಇಲ್ಲಿ ಬಹಳ ಜನ ಒಂದೇ ಗಾಡಿಯ ಮಾಲೀಕರು, ಗಂಡ ಓಡಿಸ್ತಾನೆ ಹೆಂಡತಿ ಬಿಲ್ಲು ನೋಡ್ಕೋತಾಳೆ. ಮೋಸ ಇಲ್ಲ ಅಂತಲ್ಲ, ಚೀಟಿಯಲ್ಲಿ ಗಂಟೆ ಜಾಸ್ತಿ ಬರ್ಕೊಂಡು ಬರೋರನ್ನೂ ನಾನು ನೋಡಿದೀನಿ, ಅದಕ್ಕೇ ಪ್ರತಿ ದಿನದ ಶಿಫ್ಟ್ ಟಿಕೆಟ್‌ಗೆ ಬೆಂಕಿ ಸಾಲಲ್ಲಿದ್ದ ಸರ್ಕಾರಿ ಸೂಪರ್‌ವೈಸರ್ ಸಹಿ ಇಲ್ದೇ ನಾನು ಎಂಟ್ರಿ ಮಾಡಲ್ಲ. ಗಾಡಿ ಕೆಟ್ಟು ನಿಂತ ಹೊತ್ತಿಗೆ ದುಡ್ಡಿಲ್ಲ, ಮೊದಲ ದಿನ ಕೊನೇ ದಿನ ಎಂಟು ಗಂಟೆಗಿಂತ ಕಡಿಮೆ ಆದ್ರೆ ಅರ್ಧ ರೇಟು. ಆ ಸಹಿ ಮಾಡೋರು, ಆ ಇನ್ಸ್‌ಪೆಕ್ಷನ್ ಮಾಡೋರು ಸರ್ಕಾರದ ಜನ ಆಗಿರ್ಬೇಕು, ಅನುಭವ ಇರೋರಾಗಿರ್ಬೇಕು, ಸಾಕಷ್ಟು ಜನ ಇರ್ಬೇಕು. ಸರ್ಕಾರ ಎಲ್ಲಿ ಜಿಪುಣತನ ಮಾಡಿದ್ರೂ ಅಲ್ಲಿ ಮಾಡಬಾರದು.

ಒಂದು ಗೊಂದಲ ಬಗೆಹರಿಸ್ತೀನಿ, ತುಂಬಾ ಜನ ಕೇಳ್ತಾರೆ. 2025ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನ ಪ್ಯಾಲಿಸೇಡ್ಸ್ ಬೆಂಕಿ ಟೈಮಲ್ಲಿ ಶ್ರೀಮಂತರು ಪ್ರೈವೇಟ್ ಫೈರ್‌ಫೈಟರ್ಸ್ ಇಟ್ಕೊಂಡ್ರು ಅಂತ ಸುದ್ದಿ ಬಂತಲ್ಲಾ, ಅದು ಬೇರೆ, ಇದು ಬೇರೆ. ಅವರು ಇನ್ಶೂರೆನ್ಸ್ ಕಂಪನಿ ಇಲ್ಲಾ ಆಸ್ತಿ ಮಾಲೀಕರ ದುಡ್ಡಲ್ಲಿ ನಿರ್ದಿಷ್ಟ ಮನೆ ಕಟ್ಟಡ ಕಾಯೋರು. ನೀವು ಹೈವೇಲಿ ನೋಡೋ ಲಾರಿಗಳಲ್ಲಿ ಹೆಚ್ಚಿನವು ಸರ್ಕಾರದ ಆರ್ಡರ್ ನಂಬರ್ ಮೇಲೆ, ಸರ್ಕಾರದ ಇನ್ಸಿಡೆಂಟ್ ಕಮಾಂಡರ್ ಹೇಳಿದ ಕಡೆ ಹೋಗೋವು.

ನಮ್ಮ ಕರ್ನಾಟಕದಲ್ಲೂ ಈ ತಳಪಾಯ-ಬಾಡಿಗೆ ಪ್ರಶ್ನೆ ಇದ್ದೇ ಇದೆ. ಅರಣ್ಯ ಇಲಾಖೆ ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸುಡತ್ತೆ, ತಾತ್ಕಾಲಿಕವಾಗಿ ಫೈರ್ ವಾಚರ್‌ಗಳನ್ನ ತಗೊಳತ್ತೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಹಸಿ ಸೊಪ್ಪು ಹಿಡ್ಕೊಂಡು ಬಡಿಯೋ ಜನರ ಜೊತೆಗೆ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ಬಕೆಟ್ಟಲ್ಲಿ ನೀರು ಸುರಿಯೋಕೆ ಬಂತು. ಅಲ್ಲಿ ನೆರವಿಗೆ ಸೈನ್ಯ ಬರತ್ತೆ, ಅಮೆರಿಕಾದಲ್ಲಿ ಸೈನ್ಯದ ಸಿ-130ಗಳಿಗೆ ಎಂಟು ಟ್ಯಾಂಕ್ ಸೆಟ್ ಇಟ್ಕೊಂಡಿದ್ರೂ ಖಾಸಗಿ ಟ್ಯಾಂಕರ್‌ಗಳೆಲ್ಲ ಕೆಲಸದಲ್ಲಿ ಮುಳುಗಿದ ಮೇಲೇ ಅವನ್ನ ಕರೆಯೋದು.

ಸರಿ, ತಮ್ಮ.

ಲಾರಿ ಕೊಳ್ಳೋಕೆ ಮುಂಚೆ ಅವರು ಯೋಚಿಸ್ಬೇಕಾದ್ದು ರೇಟಲ್ಲ, ಬೆಂಕಿ ಇಲ್ಲದ ದಿನ ಆ ಲಾರಿಗೆ ಏನು ಕೆಲಸ ಅನ್ನೋದು. ಕಟ್ಟಡದ ಸೈಟಲ್ಲಿ ಧೂಳಿಗೆ ನೀರು ಹೊಡೆಯೋದು, ರಸ್ತೆ ಕೆಲಸ, ಹೀಗೆ ಏನಾದ್ರೂ ಖಾಯಂ ಆದಾಯ ಇದ್ರೆ ಬೆಂಕಿ ಕೆಲಸ ಮೇಲಿನ ಕೆನೆ. ಬೆಂಕಿಯನ್ನೇ ನಂಬ್ಕೊಂಡು ಸಾಲ ಮಾಡೋದಾದ್ರೆ ಬೇಡ ಅಂತ ನಾನು ಅಕ್ಕನ ಥರ ಹೇಳ್ತೀನಿ, ಮೊದಲ ವರ್ಷ ಪಟ್ಟಿಯಲ್ಲಿ ಮೇಲೆ ಬರೋದೇ ಕಷ್ಟ, ಟೆಂಡರ್ ಕರೆಯದ ವರ್ಷ ಆದ್ರೆ ಪಟ್ಟಿಗೆ ಸೇರೋಕೇ ಆಗಲ್ಲ. ತೀರಾ ಗಾಡಿ ಸಾಲದೇ ಹೋದಾಗ ಸ್ಥಳದಲ್ಲೇ ತುರ್ತು ಬಾಡಿಗೆ ಒಪ್ಪಂದ ಮಾಡ್ಕೊಳ್ಳೋದುಂಟು, ಅದನ್ನ ನಂಬಿ ಲಾರಿ ತಗೋಬಾರದು.

ಸಪೋರ್ಟ್ ಟೆಂಡರ್ ಅನ್ನೋ ಈ ನೀರಿನ ಲಾರಿಗಳಲ್ಲಿ ಮೂರು ದರ್ಜೆ, ದೊಡ್ಡದಕ್ಕೆ ಕನಿಷ್ಠ 4,000 ಗ್ಯಾಲನ್, ಮಧ್ಯದ್ದಕ್ಕೆ 2,500, ಸಣ್ಣದಕ್ಕೆ 1,000. ದೊಡ್ಡದು ಒಳ್ಳೇ ರೇಟು ಅಂತ ಅದಕ್ಕೇ ಕೈ ಹಾಕ್ತಾರೆ. 4,000 ಗ್ಯಾಲನ್ ಅಂದ್ರೆ 15,000 ಲೀಟರ್, ನೀರಿನ ತೂಕವೇ 15 ಟನ್. ಟ್ಯಾಂಕ್ ಒಳಗೆ ತಡೆಹಲಗೆ ಇದ್ಯಾ ಅಂತ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಕಣ್ಣಾರೆ ನೋಡ್ಲಿ, ಅದಿಲ್ಲದಿದ್ರೆ ಅರ್ಧ ತುಂಬಿದ ಟ್ಯಾಂಕಲ್ಲಿ ನೀರು ತುಳುಕಿ ತಿರುವಲ್ಲಿ ಲಾರಿನೇ ಎಳ್ಕೊಂಡು ಹೋಗತ್ತೆ. ಹಾಲು ಸಾಗಿಸ್ತಿದ್ದ ಟ್ಯಾಂಕ್‌ಗಳನ್ನ ಬಣ್ಣ ಹೊಡೆದು ಮಾರೋರು ಇದಾರೆ, ಹಾಲಿನ ಟ್ಯಾಂಕಲ್ಲಿ ತೊಳೆಯೋಕೆ ಸುಲಭ ಆಗ್ಲಿ ಅಂತ ಹಲಗೆ ಇರಲ್ಲ. ಲೈಸೆನ್ಸಲ್ಲಿ ಟ್ಯಾಂಕ್ ಓಡಿಸೋ ಎಂಡೋರ್ಸ್‌ಮೆಂಟ್ ಬೇಕು, ಬೆಂಕಿ ಸುರಕ್ಷತೆಯ ವಾರ್ಷಿಕ ಕ್ಲಾಸ್ ಬೇಕು. ಸರ್ಕಾರಿ ಗುತ್ತಿಗೆ ಹಿಡಿಯೋರು ಹೆಸರು ಹಾಕೋ ಸ್ಯಾಮ್ ರಿಜಿಸ್ಟ್ರೇಷನ್ ಪೂರ್ತಿ ಉಚಿತ, ಮಾಡಿಸ್ಕೊಡ್ತೀವಿ ಅಂತ ನೂರಾರು ಡಾಲರ್ ಕೇಳೋ ಫೋನ್ ಬರ್ತವೆ, ಕಟ್ ಮಾಡ್ಲಿ. ಕ್ಯಾಲ್ ಫೈರ್ ಬಾಡಿಗೆ ಪಟ್ಟಿ ಬೇರೆ, ಅದಕ್ಕೆ ಪ್ರತ್ಯೇಕವಾಗಿ ಹೆಸರು ಹಾಕ್ಬೇಕು. ಬಿಲ್ಲು ಕೈಗೆ ಬರೋ ತನಕ ಡೀಸೆಲ್‌ಗೆ, ಸಂಬಳಕ್ಕೆ ಕನಿಷ್ಠ ಎರಡು ತಿಂಗಳ ದುಡ್ಡು ಕೈಯಲ್ಲಿಟ್ಕೊಂಡಿರ್ಲಿ.

ಇನ್ನೊಂದು ಸಣ್ಣದು, ಯಾರೂ ಹೇಳಲ್ಲ. ಕ್ಯಾಂಪಿಗೆ ಬರುವಾಗ, ಹೋಗುವಾಗ ಗಾಡಿಯ ತಳ ತೊಳ್ಸೋಕೆ ವೀಡ್ ವಾಶ್ ಅಂತ ಕಟ್ಟೆ ಇರತ್ತೆ, ಒಂದು ಕಣಿವೆಯ ಕಳೆ ಬೀಜ ಇನ್ನೊಂದು ಕಣಿವೆಗೆ ಹೋಗ್ಬಾರದು ಅಂತ. ಚೀಟ್‌ಗ್ರಾಸ್ ಅನ್ನೋ ಹುಲ್ಲು ಬೇಗ ಒಣಗಿ ಮುಂದಿನ ಬೆಂಕಿಗೆ ತಾನೇ ಕಡ್ಡಿಯಾಗತ್ತೆ, ನಮ್ಮ ಬಂಡೀಪುರದ ಲಂಟಾನ ಇದ್ದ ಹಾಗೆ. ಆತುರ ಮಾಡಿ ಅದನ್ನ ತಪ್ಪಿಸ್ಕೊಂಡು ಹೋಗೋ ಡ್ರೈವರ್‌ಗಳನ್ನ ಕಂಡ್ರೆ ನನಗೆ ಸಿಟ್ಟು ಬರತ್ತೆ.

ಮಾರೋರ ಹತ್ರ ಲಾರಿ ನೋಡೋಕೆ ಹೋದಾಗ ಅವರು ಕೊಡೋ ತೂಕದ ಕಾಗದ ತಗೋಬೇಡಿ ಅನ್ನಿ ತಮ್ಮನಿಗೆ. ಟ್ಯಾಂಕನ್ನ ಕಂಠದ ತನಕ ತುಂಬಿಸಿ, ಡೀಸೆಲ್ ಫುಲ್ ಮಾಡಿಸಿ, ಹೋಸು ಪಂಪು ಎಲ್ಲಾ ಮೇಲಿಟ್ಟು, ತಾನೇ ಸೀಟಲ್ಲಿ ಕೂತು ಹತ್ತಿರದ ಟ್ರಕ್ ಸ್ಟಾಪ್‌ನ ತೂಕದ ಕಟ್ಟೆ ಮೇಲೆ ಹತ್ತಿಸ್ಲಿ, ಮುಂದಿನ ಆಕ್ಸಲ್ ಎಷ್ಟು ಹಿಂದಿನದು ಎಷ್ಟು ಅಂತ ಬೇರೆ ಬೇರೆ ಬರತ್ತೆ, ಅದನ್ನ ಡ್ರೈವರ್ ಬಾಗಿಲ ಒಳಗಡೆ ಅಂಟಿಸಿರೋ ತಗಡಿನ ಅಂಕೆ ಜೊತೆ ಹೋಲಿಸಿ ನೋಡ್ಲಿ. ಮಾರೋರು ತುಂಬಿಸಿ ತೂಗೋಕೆ ಒಪ್ಪಲಿಲ್ಲ ಅಂದ್ರೆ ಅಲ್ಲಿಂದಲೇ ವಾಪಸ್ ಬರ್ಲಿ. ಒಪ್ಪಿದ್ರೆ ಚೀಟಿ ಮತ್ತೆ ಆ ತಗಡು ಎರಡರ ಫೋಟೋ ನನಗೆ ಕಳ್ಸಿ, ಅಡ್ವಾನ್ಸ್ ಕೊಡೋಕೆ ಮುಂಚೆ ನಾನು ನೋಡಿ ಹೇಳ್ತೀನಿ.